ರಂಗನತಿಟ್ಟಿಗೆ ಬಂದವರು ಏನು ತಿಳಿದು ಹೋಗಬೇಕು? ಬೋರ್ಡು, ದೋಣಿ, ಅಂಗಡಿ ಬಗ್ಗೆ ಪೂರ್ತಿ ಮಾಹಿತಿ

ಶ್ರೀರಂಗಪಟ್ಟಣ: ರಂಗನತಿಟ್ಟಿಗೆ ಬರುವ ಹೆಚ್ಚಿನ ಪ್ರವಾಸಿಗರ ಭೇಟಿ ಒಂದೇ ಥರ ಇರುತ್ತೆ. ಟಿಕೆಟ್ ತಗೊಳ್ಳೋದು, ದೋಣಿಗೆ ಕಾಯೋದು, ಒಂದು ಸುತ್ತು ಹೋಗಿ ಬರೋದು, ಬಂಡೆ ಮೇಲೆ ಮಲಗಿದ ಮೊಸಳೆ ಕಂಡರೆ ಫೋಟೊ ತೆಗೆಯೋದು, ಆಮೇಲೆ ಮೈಸೂರು ಕಡೆಗೋ ಬೆಂಗಳೂರು ಕಡೆಗೋ ಹೊರಡೋದು. ಮನೆಗೆ ಹೋದ ಮೇಲೆ ‘ಏನು ನೋಡಿದ್ರಿ’ ಅಂತ ಯಾರಾದರೂ ಕೇಳಿದರೆ ‘ತುಂಬಾ ಹಕ್ಕಿ ಇದ್ವು, ಮೊಸಳೆ ಇತ್ತು’ ಅನ್ನೋದು ಬಿಟ್ಟು ಇನ್ನೊಂದು ಮಾತು ಬರೋದು ಕಷ್ಟ.

ಇದು ಬಂದವರ ತಪ್ಪಲ್ಲ. ಕಣ್ಣಿಗೆ ಕಂಡಿದ್ದನ್ನು ಮನಸ್ಸಿಗೆ ಮುಟ್ಟಿಸೋದು ಪ್ರತ್ಯೇಕವಾದ ಒಂದು ಕೆಲಸ. ಬೋರ್ಡು, ನಕ್ಷೆ, ಕರಪತ್ರ, ಮಾಹಿತಿ ಕೇಂದ್ರ, ಸಾಕ್ಷ್ಯಚಿತ್ರ, ದೋಣಿ ನಡೆಸುವವರ ಬಾಯಿಮಾತು ಎಲ್ಲವೂ ಅದರ ಸಲಕರಣೆಗಳು. ಇಂಗ್ಲಿಷಿನಲ್ಲಿ ಇದಕ್ಕೆ ಇಂಟರ್‌ಪ್ರಿಟೇಶನ್ ಅನ್ನುತ್ತಾರೆ. ಕನ್ನಡದ ‘ವ್ಯಾಖ್ಯಾನ’ ಅನ್ನೋ ಪದವೇ ಇದಕ್ಕೆ ಸರಿಹೊಂದುತ್ತೆ. ಗಮಕದಲ್ಲಿ ಒಬ್ಬರು ಪದ್ಯ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಪದ್ಯ ಎಷ್ಟೇ ಚೆನ್ನಾಗಿದ್ದರೂ ವ್ಯಾಖ್ಯಾನ ಇಲ್ಲದಿದ್ದರೆ ಅರ್ಧ ಸಭೆ ಎದ್ದು ಹೋಗುತ್ತೆ. ಪಕ್ಷಿಧಾಮದಲ್ಲಿ ನದಿ, ಮರ, ಹಕ್ಕಿಗಳೇ ವಾಚನ. ವ್ಯಾಖ್ಯಾನ ಮಾತ್ರ ಮನುಷ್ಯರೇ ಮಾಡಬೇಕು.

ಇದರಿಂದ ತಾಲ್ಲೂಕಿನವರಿಗೆ ಏನಾಗಬೇಕು ಅಂತ ಕೇಳಬಹುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಹಾಗೆ ಶ್ರೀರಂಗಪಟ್ಟಣವೂ ಬೈಪಾಸ್ ಆಯಿತು. ಹಳೇ ರಸ್ತೆಯಲ್ಲಿ ಊರೊಳಗೆ ಹಾದು ಹೋಗುತ್ತಿದ್ದ ಕಾರು, ಬಸ್ಸು ಈಗ ಸೀದಾ ಮೈಸೂರು ತಲುಪುತ್ತವೆ. ದಾರಿಯಲ್ಲಿ ಸಿಕ್ಕಿತು ಅಂತ ನಿಲ್ಲಿಸುತ್ತಿದ್ದ ಗಿರಾಕಿ ಈಗ ಬೇಕು ಅಂತಲೇ ಇಳಿದು ಬರಬೇಕು. ಹಾಗೆ ಬಂದವರು ಅರ್ಧ ಗಂಟೆಯಲ್ಲಿ ಹೊರಡುತ್ತಾರಾ, ಅರ್ಧ ದಿನ ಇರುತ್ತಾರಾ, ಮುಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಮತ್ತೆ ಬರುತ್ತಾರಾ ಅನ್ನೋದರ ಮೇಲೆ ಎಳನೀರು, ಚುರುಮುರಿ, ಹೋಟೆಲು, ಆಟೋದವರ ಸಂಪಾದನೆ ನಿಂತಿದೆ. ಹಕ್ಕಿಗಳಿಗೂ ಇದರಲ್ಲಿ ಪಾಲಿದೆ. ಗೂಡು ಅಂದರೆ ಏನು ಅಂತ ಗೊತ್ತಿರೋನು ಅದರ ಹತ್ತಿರ ಕೂಗಾಡಲ್ಲ.

ತಿಟ್ಟಿನ ಕಥೆ ಏನು

ಬೋರ್ಡಿನಲ್ಲಿ ಏನು ಬರೆಯಬೇಕು ಅನ್ನೋ ಮೊದಲು ಹೇಳೋಕೆ ಏನಿದೆ ಅಂತ ಲೆಕ್ಕ ಹಾಕಬೇಕು. ರಂಗನತಿಟ್ಟಿನ ಮಟ್ಟಿಗೆ ಸರಕಿಗೆ ಕೊರತೆಯೇ ಇಲ್ಲ.

ತಿಟ್ಟು ಅಂದರೆ ಎತ್ತರದ ಜಾಗ, ದಿಬ್ಬ. ಕಾವೇರಿಯ ನಡುವೆ ಇರುವ ಈ ಸಣ್ಣ ಸಣ್ಣ ದ್ವೀಪಗಳು ತಮ್ಮಷ್ಟಕ್ಕೆ ಹುಟ್ಟಿದವಲ್ಲ. 1645–48ರ ಅವಧಿಯಲ್ಲಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ನೀರು ನಿಂತಿತು, ಎತ್ತರದ ನೆಲ ಮಾತ್ರ ಮೇಲೆ ಉಳಿದು ತಿಟ್ಟಾಯಿತು. ಸುತ್ತ ನೀರು, ನೀರಲ್ಲಿ ಮೊಸಳೆ. ನಾಯಿ, ಬೆಕ್ಕು, ಮನುಷ್ಯ ಯಾರೂ ಸುಲಭವಾಗಿ ಹೋಗೋ ಹಾಗಿಲ್ಲ. ಹಕ್ಕಿಗಳಿಗೆ ಬೇಕಿದ್ದಿದ್ದೂ ಅದೇ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಬಿಳಿ ಕೆಂಬರಲು, ಹೆಜ್ಜಾರ್ಲೆ, ನೀರುಕಾಗೆ, ಇರುಳು ಬಕ ಎಲ್ಲಾ ಸೇರಿ ಒಂದೇ ಮರದಲ್ಲಿ ಮೇಲೆ ಕೆಳಗೆ ಗೂಡು ಹಾಕುತ್ತವೆ. ಹಳ್ಳಿಯ ಒಟ್ಟು ಕುಟುಂಬದಂತೆ ಗಲಾಟೆಯೂ ಹೆಚ್ಚು.

ಪಕ್ಷಿತಜ್ಞ ಡಾ. ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಇದನ್ನು ಕಂಡರು. ಅವರ ಒತ್ತಾಯದಿಂದ 1940ರಲ್ಲಿ ಮೈಸೂರು ಒಡೆಯರ ಆಡಳಿತ ಇದನ್ನು ಪಕ್ಷಿಧಾಮ ಅಂತ ಘೋಷಿಸಿತು. ಮೂಲ ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ, 0.67 ಅಷ್ಟೇ. ಇಷ್ಟು ಸಣ್ಣ ಜಾಗ 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ತಾಣ ಇದೇ. ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ ಸೇರಿದ್ದು ಆಮೇಲೆ, 2024ರಲ್ಲಿ.

ಇನ್ನೊಂದು ಸಂಗತಿ ಇದೆ, ತಾಲ್ಲೂಕಿನ ರೈತರಿಗೆ ಇದೇ ಮುಖ್ಯ. ಹಕ್ಕಿ ಮಲಗೋದು, ಮರಿ ಮಾಡೋದು ತಿಟ್ಟಿನಲ್ಲಿ, ಆದರೆ ಊಟ ಹೊರಗಡೆ. ಸುತ್ತಲಿನ ಭತ್ತದ ಗದ್ದೆ, ನಾಲೆ, ಕೆರೆಯಲ್ಲಿ ಸಿಗೋ ಮೀನು, ಕಪ್ಪೆ, ಬಸವನಹುಳವೇ ಮರಿಗಳ ಅನ್ನ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮಧ್ಯದಲ್ಲಿ ಸಂದು ಬಿಟ್ಟಿರುತ್ತೆ. ನೋಡಿದವರು ‘ಪಾಪ, ಬಾಯಿ ಮುರಿದಿದೆ’ ಅಂತಾರೆ. ಮುರಿದಿಲ್ಲ. ಚಿಪ್ಪಿನೊಳಗಿನ ಹುಳ ತೆಗೆದು ತಿನ್ನೋ ಹಕ್ಕಿಗೆ ಅಂಥ ಕೊಕ್ಕು. ಮರಿಗೆ ಆ ಸಂದು ಇರಲ್ಲ, ದೊಡ್ಡದಾಗುತ್ತಾ ಬರುತ್ತೆ. ಗದ್ದೆಯಲ್ಲಿ ಬಸವನಹುಳ ಇರೋವರೆಗೆ ಈ ಹಕ್ಕಿಗೆ ಊಟ ಇದೆ.

ಇಷ್ಟೂ ವಿಷಯ ಒಂದೇ ಬೋರ್ಡಿಗೆ ತುಂಬಿದರೆ ಯಾರೂ ಓದಲ್ಲ. ತಾಪತ್ರಯ ಶುರುವಾಗೋದೇ ಇಲ್ಲಿಂದ.

ಮೊದಲು ಒಂದು ವಾಕ್ಯ, ಆಮೇಲೆ ಬೋರ್ಡು

ಈ ವಿದ್ಯೆಯನ್ನು ಶಿಸ್ತಾಗಿ ಬೆಳೆಸಿದ್ದು ಅಮೆರಿಕದ ರಾಷ್ಟ್ರೀಯ ಉದ್ಯಾನಗಳು. ಅಲ್ಲಿನ ಇಲಾಖೆ ಬೋರ್ಡು, ನಕ್ಷೆ, ಚಲನಚಿತ್ರ, ಪ್ರದರ್ಶನ ಮಾಡೋಕೆ ಅಂತಲೇ ಹಾರ್ಪರ್ಸ್ ಫೆರಿ ಅನ್ನೋ ಊರಿನಲ್ಲಿ 1970ರಲ್ಲಿ ಒಂದು ಕೇಂದ್ರ ತೆರೆಯಿತು. ಅದಕ್ಕೂ ಮೊದಲು, 1957ರಲ್ಲಿ, ಫ್ರೀಮನ್ ಟಿಲ್ಡನ್ ಅನ್ನೋರು ಉದ್ಯಾನಗಳನ್ನೆಲ್ಲಾ ಸುತ್ತಿ ಒಂದು ಪುಸ್ತಕ ಬರೆದರು. ಟಿಲ್ಡನ್ ವಿಜ್ಞಾನಿಯಲ್ಲ, ಪತ್ರಕರ್ತ, ನಾಟಕಕಾರ. ಆರು ಸೂತ್ರ ಹೇಳಿದರು. ಅದರಲ್ಲಿ ಮೂರು ಇಲ್ಲಿಗೆ ಸಾಕು: ಬಂದವರ ಬದುಕಿಗೆ ತಾಗದ ವಿವರಣೆ ಬರಡು, ಮಾಹಿತಿ ಕೊಟ್ಟ ಮಾತ್ರಕ್ಕೆ ವ್ಯಾಖ್ಯಾನ ಆಗಲ್ಲ, ಮಕ್ಕಳಿಗೆ ಹೇಳೋದು ಅಂದರೆ ದೊಡ್ಡವರಿಗೆ ಹೇಳಿದ್ದನ್ನೇ ನೀರು ಮಾಡಿ ಹೇಳೋದಲ್ಲ, ಅದರ ದಾರಿಯೇ ಬೇರೆ.

ಆಮೇಲೆ ಬಂದ ಸ್ಯಾಮ್ ಹ್ಯಾಮ್ ಅನ್ನೋ ಪ್ರಾಧ್ಯಾಪಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ವಿಷಯ ಬೇರೆ, ಆಶಯ ಬೇರೆ ಅಂದರು. ‘ರಂಗನತಿಟ್ಟಿನ ಹಕ್ಕಿಗಳು’ ಅನ್ನೋದು ವಿಷಯ. ಅದರಲ್ಲಿ ಯಾವ ಮಾತೂ ಇಲ್ಲ. ‘ಮನುಷ್ಯ ಕಟ್ಟಿದ ಕಟ್ಟೆ ಹಕ್ಕಿಗೆ ಮನೆಯಾಯಿತು, ಆ ಮನೆಗೆ ಅನ್ನ ಸುತ್ತಲಿನ ಗದ್ದೆಯಿಂದ ಬರುತ್ತೆ’ ಅನ್ನೋದು ಆಶಯ. ಈ ಒಂದು ವಾಕ್ಯ ಪ್ರವಾಸಿಗನ ತಲೆಯಲ್ಲಿ ಉಳಿದರೆ ಸಾಕು, ಉಳಿದ ನಲವತ್ತು ಸಂಗತಿ ಮರೆತರೂ ನಷ್ಟ ಇಲ್ಲ.

ಯೋಜನೆ ಮಾಡುವವರು ಎಡವೋದು ಹೆಚ್ಚಾಗಿ ಇಲ್ಲೇ. ಅನುದಾನ ಬಂತು, ಮಾರ್ಚ್ ಒಳಗೆ ಖರ್ಚು ಮಾಡಬೇಕು, ಹಾಗಾಗಿ ಹತ್ತು ಬೋರ್ಡು ಹಾಕೋಣ, ಏನು ಬರೆಯೋಣ ಅಂತ ಆಮೇಲೆ ನೋಡೋಣ. ಈ ಕ್ರಮದಲ್ಲಿ ಹೋದರೆ ಕೊನೆಗೆ ಸಿಗೋದು ಹಕ್ಕಿಯ ಫೋಟೊ, ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು, ಉದ್ದ ಎಷ್ಟು ಸೆಂಟಿಮೀಟರ್. ಹೆಸರು ಬೇಡ ಅಂತಲ್ಲ. ಆದರೆ ಹೆಸರು ಓದಿದವನು ‘ಸರಿ’ ಅಂತ ಮುಂದೆ ಹೋಗುತ್ತಾನೆ. ‘ಇದರ ಕೊಕ್ಕು ಯಾಕೆ ಹೀಗಿದೆ ನೋಡಿ’ ಅಂದರೆ ನಿಲ್ಲುತ್ತಾನೆ.

ಸರಿಯಾದ ಕ್ರಮ ಉಲ್ಟಾ. ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಏನು ಕೇಳುತ್ತಾರೆ ಅಂತ ಮೊದಲು ನೋಡಬೇಕು. ಶಾಲಾ ಪ್ರವಾಸದ ಬಸ್ಸಿನಲ್ಲಿ ಬರೋ ಐವತ್ತು ಮಕ್ಕಳು, ದೊಡ್ಡ ಲೆನ್ಸ್ ಹಿಡಿದು ಬೆಳಿಗ್ಗೆಯೇ ಬರೋ ಫೋಟೊಗ್ರಾಫರ್, ಮೈಸೂರು ನೋಡಿಕೊಂಡು ಸಂಜೆ ನುಗ್ಗೋ ಕುಟುಂಬ ಮೂವರಿಗೂ ಬೇಕಾಗಿದ್ದು ಬೇರೆ ಬೇರೆ. ಆಮೇಲೆ ಆಶಯ. ಆಮೇಲೆ ಯಾವ ಮಾತು ಯಾವ ಜಾಗದಲ್ಲಿ. ಬೋರ್ಡೋ, ಬಾಯಿಮಾತೋ, ಚಿತ್ರವೋ ಅನ್ನೋದು ಕಡೆಯ ತೀರ್ಮಾನ.

ದೋಣಿಯೇ ದೊಡ್ಡ ಮಾಧ್ಯಮ

ರಂಗನತಿಟ್ಟಿನಲ್ಲಿ ಸಲೀಂ ಅಲಿ ಅವರ ಹೆಸರಿನ ಮಾಹಿತಿ ಕೇಂದ್ರ ಇದೆ, ಕಿರು ಸಾಕ್ಷ್ಯಚಿತ್ರ ತೋರಿಸುವ ವ್ಯವಸ್ಥೆಯೂ ಇದೆ. ಆದರೂ ಈ ತಾಣದಲ್ಲಿ ಎಲ್ಲಕ್ಕಿಂತ ಬಲವಾದ ಮಾಧ್ಯಮ ದೋಣಿ. ಕಾರಣ ಸರಳ. ಬೋರ್ಡು ಓದಲೇಬೇಕು ಅಂತ ಯಾರಿಗೂ ಕಟ್ಟುಪಾಡಿಲ್ಲ, ಬೇಜಾರಾದರೆ ಮುಂದೆ ಹೋಗಬಹುದು. ದೋಣಿ ಹತ್ತಿದವರು ಇಳಿಯೋ ಹಾಗಿಲ್ಲ. ಕಣ್ಣೆದುರು ಗೂಡು, ಪಕ್ಕದಲ್ಲಿ ಮೊಸಳೆ, ಕೈಯಲ್ಲಿ ಸಮಯ. ಆ ಹೊತ್ತಿನಲ್ಲಿ ದೋಣಿ ನಡೆಸುವವರು ಹೇಳೋ ಎರಡು ಮಾತು ಹತ್ತು ಬೋರ್ಡಿಗೆ ಸಮ.

ಅದಕ್ಕೇ ಯೋಜನೆಯ ಹಣದಲ್ಲಿ ದೊಡ್ಡ ಪಾಲು ಫ್ಲೆಕ್ಸಿಗೂ ಎಲ್‌ಇಡಿ ಪರದೆಗೂ ಹೋಗೋ ಬದಲು ದೋಣಿ ನಡೆಸುವವರ ತರಬೇತಿಗೆ ಹೋದರೆ ಹೆಚ್ಚು ಫಲ. ತರಬೇತಿ ಅಂದರೆ ಹಕ್ಕಿಗಳ ಹೆಸರು ಕಲಿಸೋದಲ್ಲ. ನದಿಯ ಮೇಲೇ ದುಡಿಯೋರಿಗೆ ಅದು ಗೊತ್ತಿರುತ್ತೆ. ಹೇಳೋದಕ್ಕೆ ಒಂದು ಹದ ಬೇಕು. ಹತ್ತುವಾಗ ಒಂದು ಪ್ರಶ್ನೆ, ನಡುವೆ ಮೂರು ನಿಲುಗಡೆ, ಇಳಿಯೋ ಮುಂಚೆ ಉತ್ತರ. ‘ಈ ದ್ವೀಪ ಮಾಡಿದ್ದು ಯಾರು ಗೊತ್ತಾ?’ ಅಂತ ಶುರು ಮಾಡಿ, ‘ದೇವರು’ ಅಂತ ಮಕ್ಕಳು ಕೂಗಿದ ಮೇಲೆ ಕಟ್ಟೆ ತೋರಿಸಿ ಹೇಳಿದರೆ ಆ ಮಕ್ಕಳು ಜನ್ಮದಲ್ಲಿ ಮರೆಯಲ್ಲ. ಮಾತನ್ನು ಯಾವಾಗ ನಿಲ್ಲಿಸಬೇಕು ಅನ್ನೋದೂ ತರಬೇತಿಯಲ್ಲೇ ಬರಬೇಕು. ಗೂಡಿನ ಹತ್ತಿರ ಒಂದು ನಿಮಿಷ ಎಲ್ಲರೂ ಸುಮ್ಮನಿದ್ದು ಕೇಳಿಸಿಕೊಳ್ಳಿ ಅನ್ನೋದೂ ವ್ಯಾಖ್ಯಾನವೇ.

ಇದಕ್ಕೆ ಒಳ್ಳೇ ಉದಾಹರಣೆ ಇದೇ ಜಿಲ್ಲೆಯಲ್ಲಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ, ಆಲದ ಮರದಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಬಂದರೆ ಊರಿಗೆ ಒಳ್ಳೇದು ಅನ್ನೋ ನಂಬಿಕೆ, ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರ ಅನ್ನೋ ಲೆಕ್ಕ, ಗೂಡಿಂದ ಬಿದ್ದ ಮರಿ ಸಾಕೋಕೆ ನಿಂತ ಊರಿನ ಹೆಜ್ಜಾರ್ಲೆ ಬಳಗದ ಹುಡುಗರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯಿತು. ಅಲ್ಲಿ ಜಗಲಿ ಮೇಲೆ ಕೂತ ಅಜ್ಜಿ ‘ನಮ್ಮ ಮನೆ ಹೆಣ್ಣುಮಕ್ಕಳು ಬಾಣಂತನಕ್ಕೆ ಬಂದಂಗೆ’ ಅಂತ ಹಕ್ಕಿ ಬಗ್ಗೆ ಒಂದು ಮಾತು ಆಡಿದರೆ ಅದಕ್ಕೆ ಸಮನಾದ ಬೋರ್ಡನ್ನು ಯಾವ ಡಿಸೈನರ್ ಕೂಡ ಮಾಡಲಾರ.

ಬೋರ್ಡು ಹಾಕುವುದಾದರೆ

ಬೋರ್ಡು ಎರಡು ಜಾತಿ. ಒಂದು ಎತ್ತರಕ್ಕೆ ನೆಟ್ಟಗೆ ನಿಲ್ಲೋದು: ಸಮಯ, ಟಿಕೆಟ್ ದರ, ನಕ್ಷೆ, ಶೌಚಾಲಯ ಎಲ್ಲಿ, ಏನು ಮಾಡಬಾರದು. ಅದರ ಜಾಗ ಬಾಗಿಲ ಹತ್ತಿರ. ಇನ್ನೊಂದು ಸೊಂಟದ ಮಟ್ಟಕ್ಕೆ, ಮೇಜಿನ ಥರ ಓರೆಯಾಗಿ ಮಲಗಿಸಿದ್ದು. ಅದು ಎದುರಿಗೆ ಕಾಣೋ ದೃಶ್ಯವನ್ನೇ ವಿವರಿಸಬೇಕು. ನದಿಯನ್ನು ಮರೆ ಮಾಡಬಾರದು, ಮಕ್ಕಳಿಗೂ ಗಾಲಿಕುರ್ಚಿಯವರಿಗೂ ಓದೋಕೆ ಸಿಗಬೇಕು, ಅದಕ್ಕೇ ಕೆಳಗಿನ ಅಂಚು ನೆಲದಿಂದ ಸುಮಾರು ಎರಡೂವರೆ ಅಡಿ. ಇಲ್ಲಿಂದ ಕಾಣದ ಸಂಗತಿ ಬರೆದ ಬೋರ್ಡು ಇಲ್ಲಿರಬಾರದು. ಅದು ಕರಪತ್ರಕ್ಕೆ ಹೋಗಲಿ.

ಓದೋ ಸಮಯಕ್ಕೆ ಈ ಕೆಲಸದವರು ಹೇಳೋ ಒಂದು ಲೆಕ್ಕ ಇದೆ: 3 ಸೆಕೆಂಡ್, 30 ಸೆಕೆಂಡ್, 3 ನಿಮಿಷ. ಮೂರು ಸೆಕೆಂಡಿನಲ್ಲಿ ತಲೆಬರಹ, ಚಿತ್ರ ನೋಡಿದವನಿಗೆ ಮುಖ್ಯ ಮಾತು ಸಿಗಬೇಕು. ಮೂವತ್ತು ಸೆಕೆಂಡ್ ನಿಂತವನಿಗೆ ಮೊದಲ ಪ್ಯಾರಾ. ಆಸಕ್ತಿ ಇದ್ದು ಮೂರು ನಿಮಿಷ ನಿಲ್ಲೋನಿಗೆ ಉಳಿದ ಸಣ್ಣ ವಿವರ. ಹೆಚ್ಚಿನವರು ಮೊದಲ ಗುಂಪಿನವರೇ. ಹಾಗಾಗಿ ತಲೆಬರಹವೇ ಪೂರ್ತಿ ಮಾತಾಗಿರಬೇಕು. ‘ಪಕ್ಷಿಧಾಮದ ಇತಿಹಾಸ’ ಅನ್ನೋದು ತಲೆಬರಹವಲ್ಲ, ಕಡತದ ಮೇಲಿನ ಚೀಟಿ.

ಉದಾಹರಣೆಗೆ ನದಿ ದಡದ ಒಂದು ಬೋರ್ಡು ಹೀಗಿರಬಹುದು. ತಲೆಬರಹ: ‘ಈ ದ್ವೀಪಗಳನ್ನು ಮಾಡಿದ್ದು ಒಂದು ಕಟ್ಟೆ’. ಕೆಳಗೆ: ‘ಎದುರಿಗೆ ಕಾಣುವ ತಿಟ್ಟುಗಳು 1645–48ರಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ಹುಟ್ಟಿದವು. ಮನುಷ್ಯ ತಡೆದ ನೀರು ಹಕ್ಕಿಗೆ ಕಾವಲಾಯಿತು. ಈಗ ಗೂಡಿಗೆ ಬರುತ್ತಿರುವ ಹಕ್ಕಿಯ ಬಾಯಲ್ಲಿ ಏನಿದೆ ನೋಡಿ. ಅದು ಯಾರದೋ ಗದ್ದೆಯಿಂದ ಬಂದಿರಬಹುದು.’ ಇಷ್ಟೇ. ಇದರಲ್ಲಿ ಲ್ಯಾಟಿನ್ ಇಲ್ಲ, ಅಳತೆ ಇಲ್ಲ, ಆದರೆ ಓದಿದವನು ತಲೆ ಎತ್ತಿ ಮರ ನೋಡುತ್ತಾನೆ. ಬೋರ್ಡಿನ ಕೆಲಸ ಕಣ್ಣನ್ನು ತನ್ನ ಮೇಲಿಂದ ಎಬ್ಬಿಸಿ ನದಿ ಕಡೆ ಕಳಿಸೋದು.

ಕನ್ನಡ ಮೊದಲು ಬರಬೇಕು, ದೊಡ್ಡದಾಗಿ ಬರಬೇಕು. ಅಂಗಡಿಗಳಿಗೆ ಶೇ 60 ಕನ್ನಡ ನಿಯಮ ಬಂದ ಮೇಲೆ ಬೋರ್ಡು ಬದಲಿಸಿದ ವ್ಯಾಪಾರಿಗಳಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಆದರೆ ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಿರುಗಿಸುತ್ತಾರೆ. ‘ಆವಾಸಸ್ಥಾನ’, ‘ಸಂತಾನೋತ್ಪತ್ತಿ’, ‘ಪ್ರಭೇದ’ ಅಂತ ಓದೋಕೆ ನಾಲಿಗೆ ತಿರುಗದ ಪದಗಳು ಹುಟ್ಟೋದು ಅಲ್ಲೇ. ಮನೆ, ಮರಿ ಮಾಡೋದು, ಜಾತಿ ಅಂದರೆ ಯಾರಿಗೂ ಅವಮಾನ ಆಗಲ್ಲ. ಕನ್ನಡದಲ್ಲೇ ಯೋಚಿಸಿ ಬರೆದು ಆಮೇಲೆ ಇಂಗ್ಲಿಷಿಗೆ ಹೋಗೋದು ಸರಿಯಾದ ದಾರಿ. ಇನ್ನೊಂದು ಲೆಕ್ಕ: ಇಂಗ್ಲಿಷಿನ ಎರಡು ಮೂರು ಪದದ ಅರ್ಥ ಕನ್ನಡದ ಒಂದೇ ಪದದೊಳಗೆ ಸೇರುತ್ತೆ, ಹಾಗಾಗಿ ಪದಗಳ ಸಂಖ್ಯೆ ನೋಡಿ ಉದ್ದ ಅಳೆಯೋ ಹಾಗಿಲ್ಲ. ನಲವತ್ತು ಐವತ್ತು ಕನ್ನಡ ಪದ ಆದರೆ ಬೋರ್ಡು ತುಂಬಿತು ಅಂತ ಅರ್ಥ. ಜೊತೆಗೆ ಒತ್ತಕ್ಷರ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ದೂರದಿಂದ ಎಲ್ಲಾ ಕಲಸಿದ ಹಾಗೆ ಕಾಣುತ್ತೆ. ಇಂಗ್ಲಿಷಿಗೆ ಇಟ್ಟ ಅಳತೆಯಲ್ಲೇ ಕನ್ನಡ ತುಂಬೋರು ಈ ತಪ್ಪು ಮಾಡುತ್ತಾರೆ.

ಯಾವುದರಲ್ಲಿ ಮಾಡಿಸಬೇಕು ಅನ್ನೋದೂ ಯೋಚಿಸೋ ವಿಷಯ. ಫ್ಲೆಕ್ಸ್ ಅಗ್ಗ, ಆದರೆ ಎರಡು ಬೇಸಿಗೆಗೆ ಬಣ್ಣ ಹೋಗುತ್ತೆ. ಮೇಲಾಗಿ ರಾಜ್ಯದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇದೆ. ‘ಪ್ಲಾಸ್ಟಿಕ್ ಬಳಸಬೇಡಿ’ ಅಂತ ಫ್ಲೆಕ್ಸಿನ ಮೇಲೆ ಬರೆಸೋದು ನಗೆಪಾಟಲು. ತಗಡಿನ ಮೇಲೆ ಕೈಯಲ್ಲಿ ಬರೆಯೋ ಪೇಂಟರ್‌ಗಳು ಇನ್ನೂ ಇದ್ದಾರೆ, ಮಾಸಿದರೆ ಅವರೇ ಬಂದು ತಿದ್ದಬಹುದು. ಕಲ್ಲಿನಲ್ಲಿ ಕೆತ್ತಿಸಿದರೆ ತಲೆಮಾರು ಬರುತ್ತೆ, ಆದರೆ ತಪ್ಪು ಬರೆದರೆ ಅದೂ ತಲೆಮಾರು ಬರುತ್ತೆ. ಬದಲಾಗದ ಮಾತಿಗೆ ಕಲ್ಲು, ಬದಲಾಗೋ ಮಾತಿಗೆ ತಗಡು ಅಥವಾ ಕರಿಹಲಗೆ. ‘ಈ ವಾರ ಯಾವ ಹಕ್ಕಿ ಗೂಡು ಹಾಕಿದೆ’ ಅಂತ ಸುಣ್ಣದ ಕಡ್ಡಿಯಲ್ಲಿ ಬರೆಯೋ ಒಂದು ಕರಿಹಲಗೆ ಲಕ್ಷ ರೂಪಾಯಿಯ ಪರದೆಗಿಂತ ಹೆಚ್ಚು ಜನರನ್ನು ನಿಲ್ಲಿಸಬಹುದು, ಯಾಕೆಂದರೆ ಅದು ಇವತ್ತಿನ ಸುದ್ದಿ.

ಕ್ಯೂಆರ್ ಕೋಡ್ ಬಗ್ಗೆ ಈಗ ಎಲ್ಲರಿಗೂ ಉತ್ಸಾಹ. ಬಾಗಿಲ ಹತ್ತಿರ, ಕಾಯೋ ಸಾಲಿನಲ್ಲಿ ಅದು ಉಪಯೋಗಕ್ಕೆ ಬರುತ್ತೆ. ಹಕ್ಕಿಯ ಕೂಗು ಕೇಳಿಸೋಕೆ, ಬೇರೆ ಭಾಷೆಯವರಿಗೆ ವಿವರ ಕೊಡೋಕೆ ಒಳ್ಳೇದು. ಆದರೆ ಮೊಸಳೆ ಇರೋ ನೀರಿನ ಮೇಲೆ ದೋಣಿಯಿಂದ ಬಾಗಿ ಸ್ಕ್ಯಾನ್ ಮಾಡಿ ಅನ್ನೋ ಹಾಗಿಲ್ಲ. ಫೋನು ಇಲ್ಲದ ಅಜ್ಜನಿಗೆ, ಚಾರ್ಜು ಮುಗಿದವರಿಗೆ ಏನೂ ಸಿಗದ ಹಾಗೆ ಆಗಬಾರದು. ಕಣ್ಣು ಕಾಣದವರಿಗೆ ಕೈಯಿಂದ ಮುಟ್ಟಿ ತಿಳಿಯೋ ತಿಟ್ಟುಗಳ ಒಂದು ಉಬ್ಬು ನಕ್ಷೆ ಮಾಡಿದರೆ ಮಕ್ಕಳೂ ಅದರ ಸುತ್ತಲೇ ಇರುತ್ತಾರೆ.

‘ಬೇಡ’ ಅನ್ನೋದನ್ನ ಹೇಗೆ ಹೇಳಬೇಕು

ಶ್ರೀರಂಗಪಟ್ಟಣದಲ್ಲಿ ಪುರಾತತ್ವ ಇಲಾಖೆಯ ನೀಲಿ ಬೋರ್ಡು ನೋಡದವರು ಇಲ್ಲ. ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಅದು ಹೇಳುತ್ತೆ. ಕಾನೂನಿಗೆ ಅದು ಬೇಕು. ಆದರೆ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ, ಅದನ್ನು ಯಾಕೆ ಉಳಿಸಬೇಕು ಅನ್ನೋದು ದಂಡದ ಮೊತ್ತದಿಂದ ಗೊತ್ತಾಗಲ್ಲ.

ಎಚ್ಚರಿಕೆಯ ಮಾತು ತಿರುಗಿ ಬೀಳೋದೂ ಉಂಟು. ಅಮೆರಿಕದ ಅರಿಜೋನಾದಲ್ಲಿ ಮರಗಳು ಕಲ್ಲಾಗಿ ಬಿದ್ದಿರೋ ಒಂದು ರಾಷ್ಟ್ರೀಯ ಉದ್ಯಾನ ಇದೆ. ಬಂದವರು ಆ ಕಲ್ಲುಮರದ ಚೂರು ಜೇಬಿಗೆ ಹಾಕಿಕೊಂಡು ಹೋಗೋದು ಅಲ್ಲಿನ ತಲೆನೋವು. ರಾಬರ್ಟ್ ಚಾಲ್ಡಿನಿ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಗುರುತು ಹಾಕಿದ ಚೂರುಗಳನ್ನು ದಾರಿಯಲ್ಲಿ ಇಟ್ಟು ಬೇರೆ ಬೇರೆ ಬೋರ್ಡು ಹಾಕಿ ನೋಡಿದರು. ‘ಹಿಂದೆ ಬಂದ ತುಂಬಾ ಜನ ಕದ್ದಿದ್ದಾರೆ, ಅದರಿಂದ ಉದ್ಯಾನ ಹಾಳಾಗುತ್ತಿದೆ’ ಅನ್ನೋ ಅರ್ಥದ ಬೋರ್ಡು ಇದ್ದ ಕಡೆ ಸುಮಾರು ಶೇ 8ರಷ್ಟು ಚೂರು ಮಾಯ. ‘ದಯವಿಟ್ಟು ತೆಗೆಯಬೇಡಿ’ ಅನ್ನೋ ಸರಳ ಬೋರ್ಡು ಇದ್ದ ಕಡೆ ಶೇ 2ಕ್ಕಿಂತ ಕಡಿಮೆ. ಎಲ್ಲರೂ ಮಾಡುತ್ತಾರೆ ಅಂತ ಬೋರ್ಡೇ ಹೇಳಿದರೆ ‘ನಾನೊಬ್ಬ ಬಿಟ್ಟರೆ ಏನು’ ಅಂತ ಮನಸ್ಸು ಹೇಳುತ್ತೆ. ‘ಇಲ್ಲಿ ಜನ ಎಲ್ಲೆಂದರಲ್ಲಿ ಬಾಟಲಿ ಎಸೆಯುತ್ತಿದ್ದಾರೆ’ ಅಂತ ಬರೆಸೋ ಮುಂಚೆ ಪಂಚಾಯಿತಿಯವರೂ ಇದನ್ನು ನೆನಪಿಡಬೇಕು.

ಬೇಡ ಅನ್ನೋದರ ಜೊತೆ ಕಾರಣ ಇರಲಿ, ಅದೂ ಒಂದೇ ಸಾಲು. ‘ಕೂಗಬೇಡಿ’ ಅಷ್ಟೇ ಅಂದರೆ ಮೇಷ್ಟ್ರ ಗದರಿಕೆ. ‘ಮೆಲ್ಲಗೆ ಮಾತಾಡಿ, ಹೆದರಿ ಎದ್ದ ತಾಯಿ ಹಕ್ಕಿಯ ಮರಿಗೆ ಬಿಸಿಲು ಬಡಿಯುತ್ತೆ’ ಅಂದರೆ ಅರ್ಥ ಆಗುತ್ತೆ. ಒಂದೇ ಬೋರ್ಡಿನಲ್ಲಿ ಹದಿನಾಲ್ಕು ‘ಬೇಡಿ’ ಇದ್ದರೆ ಒಂದೂ ಉಳಿಯಲ್ಲ. ಮೊಸಳೆಯ ವಿಷಯ ಮಾತ್ರ ಬೇರೆ. ಅಲ್ಲಿ ಕಥೆ ಬೇಡ, ಚಿತ್ರ ಹಾಕಿ ‘ನೀರಿಗೆ ಇಳಿಯಬೇಡಿ’ ಅಂತ ದೊಡ್ಡಕ್ಷರದಲ್ಲಿ ಬರೆದರೆ ಸಾಕು.

ಅಂಗಡಿಯವರ ಪಾಲು

ಪ್ರವಾಸಿಗನ ಭೇಟಿ ಟಿಕೆಟ್ ಕೌಂಟರಿನಲ್ಲಿ ಶುರುವಾಗಲ್ಲ. ದಾರಿ ಕೇಳಿದ ಟೀ ಅಂಗಡಿಯಲ್ಲಿ ಶುರುವಾಗುತ್ತೆ. ‘ರಂಗನತಿಟ್ಟು ಹೋಗಬಹುದಾ’ ಅಂತ ಕೇಳಿದವರಿಗೆ ‘ಹೋಗಿ ಸಾರ್, ಈಗ ಬಣ್ಣದ ಕೊಕ್ಕರೆ ಮರಿ ಮಾಡಿದೆ, ಬೆಳಿಗ್ಗೆ ಬೇಗ ಹೋದ್ರೆ ಚೆನ್ನಾಗಿರುತ್ತೆ’ ಅಂತ ಹೇಳೋ ಅಂಗಡಿಯವರು ಇದ್ದರೆ ಆ ಪ್ರವಾಸಿ ರಾತ್ರಿ ಇಲ್ಲೇ ತಂಗೋ ಯೋಚನೆಯನ್ನೂ ಮಾಡಬಹುದು. ಚಳಿಗಾಲದಿಂದ ಬೇಸಿಗೆವರೆಗೆ ತಿಟ್ಟಿನ ಮರಗಳಲ್ಲಿ ಗೂಡು ಹೆಚ್ಚು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತೆ. ದೂರದಿಂದ ಬಂದವರು ಬಾಗಿಲವರೆಗೆ ಹೋಗಿ ‘ಬೋಟಿಂಗ್ ಇಲ್ಲ’ ಅಂತ ಕೇಳಿ ಬೈದುಕೊಂಡು ಹೋಗೋದಕ್ಕಿಂತ ಆ ಸುದ್ದಿ ಬೆಳಿಗ್ಗೆಯೇ ಪಟ್ಟಣದ ಅಂಗಡಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ, ಅವರನ್ನು ಸಂಗಮಕ್ಕೋ, ಗುಂಬಜ್‌ಗೋ, ಕೋಟೆಗೋ ತಿರುಗಿಸಬಹುದು. ಇದಕ್ಕೆ ಖರ್ಚು ಏನೂ ಇಲ್ಲ.

ಒಂದು ಹಾಳೆಯ ನಕ್ಷೆ ಕೂಡ ಹೀಗೇ. ಒಂದು ಬದಿಗೆ ತಾಲ್ಲೂಕಿನ ನೋಡೋ ಜಾಗಗಳು, ಇನ್ನೊಂದು ಬದಿಗೆ ಹಕ್ಕಿಗಳ ಹತ್ತು ಚಿತ್ರ, ಯಾವ ತಿಂಗಳು ಏನು ಅಂತ. ಹೋಟೆಲಿನ ಮೇಜಿನ ಗಾಜಿನ ಕೆಳಗೆ ಇಟ್ಟರೆ ಊಟ ಬರೋವರೆಗೆ ಜನ ಅದನ್ನೇ ಓದುತ್ತಾರೆ. ಓದುಗರಿಗೆ ಅದಕ್ಕಿಂತ ಬಿಡುವಾದ ಹೊತ್ತು ಇನ್ನೊಂದಿಲ್ಲ.

ತೀರ್ಮಾನ ಯಾರದು, ಕೇಳೋದು ಎಲ್ಲಿ

ಪಕ್ಷಿಧಾಮ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. ಒಳಗೆ ಒಂದು ಕಲ್ಲು ನೆಡಬೇಕಾದರೂ ಅವರ ಅನುಮತಿ ಬೇಕು, ಸಂಘ ಸಂಸ್ಥೆಯವರು ತಮ್ಮಷ್ಟಕ್ಕೆ ಬೋರ್ಡು ಹಾಕೋ ಹಾಗಿಲ್ಲ. ಆದರೆ ಮಾತು ಹೇಳೋಕೆ ದಾರಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಲ್ಲಿ 33ಬಿ ಅನ್ನೋ ಸೆಕ್ಷನ್ ಸೇರಿತು. ಅದರ ಪ್ರಕಾರ ಅಭಯಾರಣ್ಯಗಳಿಗೆ ಸಲಹಾ ಸಮಿತಿ ಇರಬೇಕು. ಅದರಲ್ಲಿ ಕ್ಷೇತ್ರದ ಶಾಸಕರು, ಪಂಚಾಯತ್ ಸಂಸ್ಥೆಗಳ ಮೂವರು ಪ್ರತಿನಿಧಿಗಳು, ಸ್ವಯಂಸೇವಾ ಸಂಸ್ಥೆಯವರು, ವನ್ಯಜೀವಿ ಕೆಲಸದಲ್ಲಿ ತೊಡಗಿದವರು ಇರುತ್ತಾರೆ. ಸುತ್ತಲಿನ ಜನರ ಪಾಲ್ಗೊಳ್ಳುವಿಕೆ ಬಗ್ಗೆ ಸಲಹೆ ಕೊಡೋದೂ ಆ ಸಮಿತಿಯ ಕೆಲಸ. ಬೋರ್ಡಿನ ಕನ್ನಡ, ದೋಣಿಯವರ ತರಬೇತಿ, ಅಂಗಡಿಗೆ ಸುದ್ದಿ ಮುಟ್ಟಿಸೋದು ಎಲ್ಲವನ್ನೂ ಗ್ರಾಮ ಪಂಚಾಯಿತಿ ಸದಸ್ಯರ ಮೂಲಕ, ಶಾಸಕರ ಮೂಲಕ ಅಲ್ಲಿಗೆ ತಲುಪಿಸ‌ಬಹುದು. ಫೆಬ್ರವರಿ 2ರ ಜೌಗು ಪ್ರದೇಶ ದಿನ, ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹದ ಹೊತ್ತಿಗೆ ಅಧಿಕಾರಿಗಳೂ ಮಾತಿಗೆ ಸಿಗುತ್ತಾರೆ.

ಹೊಸ ಬೋರ್ಡು ಮಾಡಿಸೋ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಬರೆದಿದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ತೆಗೆಸಿ, ಪ್ಲೈವುಡ್ಡಿಗೆ ಅಂಟಿಸಿ, ಒಂದು ಭಾನುವಾರ ಅಲ್ಲೇ ನಿಲ್ಲಿಸಿ ನೋಡೋದು. ನೂರು ಜನ ಹಾದು ಹೋದರೆ ಎಷ್ಟು ಜನ ನಿಂತರು, ಎಷ್ಟು ಸೆಕೆಂಡ್ ನಿಂತರು ಅಂತ ಎಣಿಸೋದು. ಆಮೇಲೆ ಇಪ್ಪತ್ತು ಜನರನ್ನು ಹಿಡಿದು ‘ಏನು ಓದಿದ್ರಿ’ ಅಂತ ಕೇಳೋದು. ಬೋರ್ಡಿನಲ್ಲಿ ಹೇಳಬೇಕು ಅಂತಿದ್ದ ಮಾತು ಅವರ ಬಾಯಲ್ಲಿ ಬರದಿದ್ದರೆ ಬರವಣಿಗೆ ಬದಲಿಸಬೇಕು. ಕಲ್ಲಿಗೆ ಕೆತ್ತಿಸಿದ ಮೇಲೆ ಗೊತ್ತಾದರೆ ಏನೂ ಪ್ರಯೋಜನ ಇಲ್ಲ. ಏಳನೇ ಕ್ಲಾಸಿನ ಒಂದು ಮಗುವಿನ ಕೈಲಿ ಗಟ್ಟಿಯಾಗಿ ಓದಿಸಿದರೂ ಆಗುತ್ತೆ, ಎಲ್ಲಿ ತಡವರಿಸುತ್ತೋ ಅಲ್ಲಿ ತಿದ್ದಬೇಕು.

ಕೊನೆಯದಾಗಿ ನಿರ್ವಹಣೆ. ಟೆಂಡರಿನಲ್ಲಿ ಬೋರ್ಡು ನಿಲ್ಲಿಸೋಕೆ ದುಡ್ಡು ಇರುತ್ತೆ, ಒರೆಸೋಕೆ ಇರಲ್ಲ. ಪಕ್ಷಿಧಾಮದ ಬೋರ್ಡಿನ ಮೇಲೆ ಹಿಕ್ಕೆ ಬೀಳದೆ ಇರುತ್ತಾ? ಮರದ ನೇರ ಕೆಳಗೆ ನಿಲ್ಲಿಸಬಾರದು, ವಾರಕ್ಕೊಮ್ಮೆ ಯಾರು ತೊಳೀಬೇಕು ಅಂತ ಹೆಸರು ಬರೆದಿಡಬೇಕು. ದಡದ ಬೋರ್ಡುಗಳನ್ನು ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ದೋಣಿಯವರನ್ನು ಕೇಳಿ ಅದಕ್ಕಿಂತ ಮೇಲೆ ನೆಡಬೇಕು. ಅಥವಾ ಬಿಚ್ಚಿ ಎತ್ತಿಡೋ ಹಾಗೆ ಬೋಲ್ಟ್ ಹಾಕಿಸಬೇಕು. ಕೆಆರ್‌ಎಸ್ ತುಂಬಿದ ಸುದ್ದಿ ಬಂದ ದಿನ ಸ್ಪ್ಯಾನರ್ ಹಿಡಿದು ಹೋಗೋರು ಯಾರು ಅನ್ನೋದೂ ಯೋಜನೆಯ ಹಾಳೆಯಲ್ಲೇ ಇರಬೇಕು.